ಹಳೆಯ ಆಟದ ಯಂತ್ರಗಳ ಮರದ ಪೆಟ್ಟಿಗೆಗಳಿಗೆ ಬಣ್ಣ ಲೇಪನ: ವಿಧಾನದ ಆಯ್ಕೆ ಕುರಿತು ಸಾರ್ವಜನಿಕ ಮಾಹಿತಿ

ನಾಣ್ಯ ಹಾಕಿ ಆಡುವ ಹಳೆಯ ವಿಡಿಯೋ ಗೇಮ್ ಯಂತ್ರಗಳ ಮರದ ಪೆಟ್ಟಿಗೆಗಳನ್ನು ದುರಸ್ತಿಗೊಳಿಸಿ ಪುನಃ ಬಣ್ಣ ಲೇಪಿಸುವ ಕೆಲಸವು ಮರಗೆಲಸ ಮತ್ತು ಬಣ್ಣಗಾರಿಕೆಯನ್ನು ಬಲ್ಲವರಿಗೆ ಒಂದು ಸಣ್ಣ ಸ್ವಯಂ ಉದ್ಯೋಗವಾಗಬಲ್ಲದು. ತಮ್ಮ ಮನೆಯಲ್ಲಿರುವ ಒಂದೇ ಪೆಟ್ಟಿಗೆಯನ್ನು ಸರಿಪಡಿಸಿಕೊಳ್ಳಲು ಬಯಸುವ ನಾಗರಿಕರೂ ಇದ್ದಾರೆ. ಈ ಇಬ್ಬರಿಗೂ ಮೊದಲು ಎದುರಾಗುವ ಪ್ರಶ್ನೆ ಬಣ್ಣವನ್ನು ಕುಂಚದಿಂದ ಹಚ್ಚಬೇಕೇ, ರೋಲರ್‌ನಿಂದ ಉರುಳಿಸಬೇಕೇ ಅಥವಾ ಸ್ಪ್ರೇ ಮಾಡಬೇಕೇ ಎಂಬುದು. ಉಪಕರಣಗಳಿಗಾಗಿ ಸಾಲ ಅಥವಾ ಪ್ರೋತ್ಸಾಹಧನಕ್ಕೆ ಅರ್ಜಿ ಸಲ್ಲಿಸುವವರು ತಮ್ಮ ಯೋಜನಾ ವರದಿಯಲ್ಲಿ ಸ್ಪ್ರೇ ಗನ್ ಮತ್ತು ಕಂಪ್ರೆಸರ್‌ಗಳನ್ನು ನಮೂದಿಸುವ ಮುನ್ನ, ಅವು ತಮ್ಮ ಕೆಲಸಕ್ಕೆ ನಿಜವಾಗಿಯೂ ಅಗತ್ಯವೇ ಎಂಬುದನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ. ಆ ಪರಿಶೀಲನೆಗೆ ನೆರವಾಗಲೆಂದು ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಲೇಪನದ ವಿಧಾನವನ್ನು ನಿರ್ಧರಿಸಬೇಕಾದದ್ದು ಹೊಳಪಿನ ಆಸೆಯಲ್ಲ. ಪೆಟ್ಟಿಗೆಯನ್ನು ಯಾವ ವಸ್ತುವಿನಿಂದ ಮಾಡಲಾಗಿದೆ, ಅದರ ಮೇಲೆ ಈಗಿರುವ ಬಣ್ಣ ಯಾವುದು, ಕೆಲಸ ನಡೆಯುವ ಸ್ಥಳ ಎಂತಹುದು ಎಂಬ ಮೂರು ಸಂಗತಿಗಳಿಗೆ ಉತ್ತರ ದೊರೆತಲ್ಲಿ ವಿಧಾನವು ಬಹುಮಟ್ಟಿಗೆ ತಾನಾಗಿಯೇ ನಿರ್ಧಾರವಾಗುತ್ತದೆ.

ಪೆಟ್ಟಿಗೆಯ ವಸ್ತು

1971ರಲ್ಲಿ ಅಮೆರಿಕದಲ್ಲಿ ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ ಅವರು ರೂಪಿಸಿದ 'ಕಂಪ್ಯೂಟರ್ ಸ್ಪೇಸ್' ಯಂತ್ರದ ಹೊರಕವಚವು ಫೈಬರ್ ಗ್ಲಾಸ್‌ನದಾಗಿದ್ದು, ಅದರ ಮಿನುಗುವ ಬಣ್ಣವು ಕವಚದ ಮೇಲ್ಪದರದಲ್ಲಿಯೇ ಬೆರೆತಿತ್ತು. ಇಂತಹ ಕವಚಕ್ಕೆ ಮರದ ಬಣ್ಣವನ್ನು ಹಚ್ಚುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಆದರೆ ಅದು ಅಪವಾದ. 1970ರ ದಶಕದ ಕೊನೆಯಿಂದ 1980ರ ದಶಕದವರೆಗೆ ತಯಾರಾದ ಯಂತ್ರಗಳಲ್ಲಿ ಹೆಚ್ಚಿನವು ಪ್ಲೈವುಡ್, ಪಾರ್ಟಿಕಲ್ ಬೋರ್ಡ್ ಅಥವಾ ನಾರಿನ ಹಲಗೆಯ ಪೆಟ್ಟಿಗೆಗಳು. ನಮ್ಮ ದೇಶದ ವಿಡಿಯೋ ಗೇಮ್ ಪಾರ್ಲರ್‌ಗಳಲ್ಲಿ ಸ್ಥಳೀಯ ಬಡಗಿಗಳು ಪ್ಲೈವುಡ್‌ನಿಂದ ಮಾಡಿದ ಪೆಟ್ಟಿಗೆಗಳೂ ಬಳಕೆಯಲ್ಲಿದ್ದವು.

ಪ್ಲೈವುಡ್ ನೀರನ್ನು ತಕ್ಕಮಟ್ಟಿಗೆ ಸಹಿಸಿಕೊಳ್ಳುತ್ತದೆ. ಪಾರ್ಟಿಕಲ್ ಬೋರ್ಡ್ ಸಹಿಸುವುದಿಲ್ಲ. ಮರದ ಪುಡಿಯನ್ನು ಅಂಟಿನೊಡನೆ ಒತ್ತಿ ಮಾಡಿದ ಈ ಹಲಗೆಯು ನೀರು ತಗುಲಿದೊಡನೆ ಉಬ್ಬುತ್ತದೆ ಹಾಗೂ ಒಣಗಿದ ನಂತರವೂ ಮೊದಲಿನ ಗಾತ್ರಕ್ಕೆ ಮರಳುವುದಿಲ್ಲ. ನೆಲ ತೊಳೆಯುವಾಗ ನೀರು ತಾಗುತ್ತಿದ್ದ ಪೆಟ್ಟಿಗೆಗಳ ಕೆಳಅಂಚುಗಳು ಒಡೆದ ರೊಟ್ಟಿಯಂತೆ ಬಿಚ್ಚಿಕೊಂಡಿರುವುದು ಇದೇ ಕಾರಣದಿಂದ. ಆದುದರಿಂದ ನೀರು ಆಧಾರಿತ ಬಣ್ಣವನ್ನು ಬಳಸುವುದಾದಲ್ಲಿ, ಕತ್ತರಿಸಿದ ಅಂಚುಗಳನ್ನು ಮೊದಲು ದ್ರಾವಕ ಆಧಾರಿತ ಪ್ರೈಮರ್‌ನಿಂದ ಅಥವಾ ಅರಗಿನ ಪಾಲಿಶ್‌ನಿಂದ ಮುಚ್ಚತಕ್ಕದ್ದು. ನಮ್ಮ ಬಡಗಿಗಳು ಫ್ರೆಂಚ್ ಪಾಲಿಶ್‌ಗೆಂದು ಸ್ಪಿರಿಟ್‌ನಲ್ಲಿ ಕರಗಿಸಿಕೊಳ್ಳುವ ಅರಗಿನ ಚಕ್ಕೆಯೇ ಇದಕ್ಕೆ ಸಾಕು. ಎರಡು ತೆಳು ಲೇಪ ಹಚ್ಚಿದಲ್ಲಿ ಅಂಚು ಬಣ್ಣವನ್ನು ಹೀರುವುದು ನಿಲ್ಲುತ್ತದೆ.

ಪೆಟ್ಟಿಗೆಯ ಅಂಚಿನುದ್ದಕ್ಕೂ ಪ್ಲಾಸ್ಟಿಕ್ ಪಟ್ಟಿಯನ್ನು ಕೂರಿಸುವ ಕಿರಿದಾದ ಗಾಡಿ ಇರುತ್ತದೆ. ಯಾವುದೇ ವಿಧಾನವನ್ನು ಅನುಸರಿಸಿದರೂ ಈ ಗಾಡಿಯೊಳಗೆ ಬಣ್ಣ ತುಂಬಿಕೊಳ್ಳದಂತೆ ನೋಡಿಕೊಳ್ಳಬೇಕು. ಗಾಡಿಯಲ್ಲಿ ಗಟ್ಟಿಯಾದ ಬಣ್ಣವಿದ್ದಲ್ಲಿ ಪಟ್ಟಿಯ ಮುಳ್ಳು ಒಳಗೆ ಇಳಿಯುವುದಿಲ್ಲ. ಬಲವಂತವಾಗಿ ಬಡಿದಲ್ಲಿ ಹೊಸ ಬಣ್ಣವೇ ಅಂಚಿನಿಂದ ಎದ್ದುಬರುತ್ತದೆ.

ಕೆಲಸ ಆರಂಭಿಸುವ ಮುನ್ನ ಪರದೆಯನ್ನು ಹೊರತೆಗೆಯುವುದು ಕಡ್ಡಾಯವೆಂದು ಭಾವಿಸತಕ್ಕದ್ದು. ಹಳೆಯ ಯಂತ್ರಗಳಲ್ಲಿರುವುದು ಗಾಜಿನ ಚಿತ್ರನಳಿಕೆಯ ಪರದೆ. ಬಣ್ಣದ ಪರದೆಯ ನಳಿಕೆಯಲ್ಲಿ ಸುಮಾರು 20,000 ವೋಲ್ಟ್‌ಗಳ ಒತ್ತಡವಿರುತ್ತದೆ ಹಾಗೂ ವಿದ್ಯುತ್ ತಂತಿಯನ್ನು ಕಿತ್ತ ನಂತರವೂ ಅದರಲ್ಲಿ ವಿದ್ಯುದಾವೇಶ ಉಳಿದಿರಬಹುದು. ಟಿ.ವಿ. ದುರಸ್ತಿಯಲ್ಲಿ ತರಬೇತಿ ಪಡೆದವರಿಂದಲೇ ಇದನ್ನು ತೆಗೆಸಬೇಕು.

ಈಗಿರುವ ಬಣ್ಣ ಮತ್ತು ಸೀಸ

ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವುದು ಎಲ್ಲರೂ ಮಾಡುವ ಮೊದಲ ಕೆಲಸ. ಇಲ್ಲಿಯೇ ಹೆಚ್ಚಿನ ಎಚ್ಚರಿಕೆ ಬೇಕಾಗಿದೆ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಬಳಕೆಯನ್ನು 1978ರಲ್ಲಿ ನಿರ್ಬಂಧಿಸಲಾಯಿತು. ಭಾರತದಲ್ಲಿ 2016ರಲ್ಲಿ ಹೊರಡಿಸಲಾದ ನಿಯಮಗಳ ಅನ್ವಯ, ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣವು ದಶಲಕ್ಷದಲ್ಲಿ 90 ಭಾಗಗಳನ್ನು ಮೀರುವಂತಿಲ್ಲ. ಈ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಯಲ್ಲಿವೆ. ಅಂದರೆ ಅದಕ್ಕೂ ಮುನ್ನ ನಮ್ಮಲ್ಲಿ ಬಣ್ಣ ಕಂಡ ಯಾವುದೇ ಪೆಟ್ಟಿಗೆಯ ಮೇಲೆ ಸೀಸವಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಮತ್ತೊಂದು ಸಂಗತಿಯನ್ನು ಅನೇಕರು ಗಮನಿಸುವುದಿಲ್ಲ. ಮೇಲ್ಕಂಡ ನಿಯಮಗಳು ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಿಗೆ ಅನ್ವಯಿಸುತ್ತವೆಯೇ ಹೊರತು ಕೈಗಾರಿಕಾ ಬಣ್ಣಗಳಿಗೆ ಅಲ್ಲ. ಹಳದಿ, ಕಿತ್ತಳೆ ಮತ್ತು ಕೆಂಪು ಛಾಯೆಗಳಿಗೆ ಬಹುಕಾಲ ಬಳಕೆಯಲ್ಲಿದ್ದದ್ದು ಸೀಸದ ಕ್ರೋಮೇಟ್ ವರ್ಣಕಗಳು. 1980ರಲ್ಲಿ ಬಿಡುಗಡೆಯಾದ 'ಪ್ಯಾಕ್‌ಮ್ಯಾನ್' ಯಂತ್ರದ ಅಮೆರಿಕದ ಪೆಟ್ಟಿಗೆಯ ಬಣ್ಣವೂ ಹಳದಿಯೇ. ಅಂತಹ ಪೆಟ್ಟಿಗೆಗೆ ಹೊಸದಾಗಿ ಹಳದಿ ಹಚ್ಚುವವರು ಡಬ್ಬಿಯ ಮೇಲೆ ಸೀಸದ ಮಿತಿಯನ್ನು ಮುದ್ರಿಸಿರುವ ಮನೆಬಳಕೆಯ ಬಣ್ಣವನ್ನೇ ಖರೀದಿಸುವುದು ಕ್ಷೇಮ. ಯಂತ್ರೋಪಕರಣಗಳಿಗೆಂದು ತಯಾರಾದ ಅಗ್ಗದ ಹಳದಿ ಎನಾಮೆಲ್‌ನಲ್ಲಿ ಏನಿದೆ ಎಂಬುದು ಅಂಗಡಿಯವರಿಗೂ ತಿಳಿದಿರುವುದಿಲ್ಲ.

ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಯಾವ ಮಟ್ಟವೂ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಅದು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಉಂಟುಮಾಡುತ್ತದೆ ಹಾಗೂ ಗರ್ಭಿಣಿಯ ದೇಹದಿಂದ ಶಿಶುವಿಗೆ ತಲುಪುತ್ತದೆ. ವಿದ್ಯುತ್ ಚಾಲಿತ ಯಂತ್ರದಿಂದ ಒಣ ಬಣ್ಣವನ್ನು ಉಜ್ಜಿದಾಗ ಏಳುವ ನುಣ್ಣನೆಯ ಧೂಳು ನೆಲ, ಹಾಸಿಗೆ ಮತ್ತು ಪಾತ್ರೆಗಳ ಮೇಲೆ ಕುಳಿತುಕೊಳ್ಳುತ್ತದೆ. ತೆವಳುವ ಮಗುವಿನ ಕೈಗೆ ಅಂಟಿ ಬಾಯಿಗೆ ಹೋಗುತ್ತದೆ. ಸಂಶಯವಿರುವ ಪೆಟ್ಟಿಗೆಯನ್ನು ಒಣದಾಗಿ ಉಜ್ಜಬಾರದು ಹಾಗೂ ಬೆಂಕಿಯ ಜ್ವಾಲೆಯಿಂದ ಸುಟ್ಟು ಬಣ್ಣವನ್ನು ಎಬ್ಬಿಸಬಾರದು.

ಇದಕ್ಕೆ ಸರಳ ಪರಿಹಾರವೆಂದರೆ ಹಳೆಯ ಬಣ್ಣವನ್ನು ತೆಗೆಯದಿರುವುದು. ಅದು ಹಲಗೆಗೆ ಗಟ್ಟಿಯಾಗಿ ಅಂಟಿಕೊಂಡಿದ್ದಲ್ಲಿ, ಮೇಲ್ಮೈಯ ಜಿಡ್ಡನ್ನು ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ನಂತರ ನುಣುಪು ಮೇಲ್ಮೈಗೂ ಅಂಟುವ ಪ್ರೈಮರ್ ಹಚ್ಚಿದರೆ ಹಳೆಯ ಪದರವು ಒಳಗೇ ಮುಚ್ಚಿಹೋಗುತ್ತದೆ. ಸಿಪ್ಪೆ ಎದ್ದಿರುವ ಕಡೆ ಮಾತ್ರ ನೀರು ಚಿಮುಕಿಸಿ, ತೇವವಿರುವಾಗಲೇ ಕೈಯಿಂದ ಮೆಲ್ಲಗೆ ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಪಾರ್ಟಿಕಲ್ ಬೋರ್ಡ್ ಕಾಣಿಸುತ್ತಿರುವ ಕಡೆ ನೀರು ಆದಷ್ಟು ಕಡಿಮೆ ಇರಲಿ. ಬಣ್ಣ ಕರಗಿಸುವ ರಾಸಾಯನಿಕವನ್ನು ಬಳಸಲೇಬೇಕಾದಲ್ಲಿ ಮೀಥೈಲೀನ್ ಕ್ಲೋರೈಡ್ ಇಲ್ಲದ್ದನ್ನು ಆರಿಸಿಕೊಳ್ಳಬೇಕು. ಮುಚ್ಚಿದ ಕೋಣೆಗಳಲ್ಲಿ ಇದನ್ನು ಬಳಸಿದವರು ಪ್ರಾಣ ಕಳೆದುಕೊಂಡ ಪ್ರಕರಣಗಳ ನಂತರ, ಸಾಮಾನ್ಯ ಗ್ರಾಹಕರಿಗೆ ಈ ದ್ರಾವಕವಿರುವ ಬಣ್ಣ ತೆಗೆಯುವ ದ್ರವದ ಮಾರಾಟವನ್ನು ಅಮೆರಿಕದಲ್ಲಿ 2019ರಲ್ಲಿ ನಿಷೇಧಿಸಲಾಯಿತು.

ಹಳೆಯ ಬಣ್ಣವನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಅಮೆರಿಕದ ರೋಚೆಸ್ಟರ್ ನಗರದ 'ದಿ ಸ್ಟ್ರಾಂಗ್' ವಸ್ತುಸಂಗ್ರಹಾಲಯವು 2015ರಲ್ಲಿ ತನ್ನ ವಿಡಿಯೋ ಗೇಮ್ ಗೌರವ ಪಟ್ಟಿಯನ್ನು ಆರಂಭಿಸಿದಾಗ 'ಪಾಂಗ್' ಮತ್ತು 'ಪ್ಯಾಕ್‌ಮ್ಯಾನ್' ಮೊದಲ ಸಾಲಿನಲ್ಲಿಯೇ ಸೇರಿದವು. ಇಂದು ಇವು ಇತಿಹಾಸದ ವಸ್ತುಗಳು. ಮೂಲ ಚಿತ್ರವು ಮಾಸಿದ್ದರೂ ಸ್ಪಷ್ಟವಾಗಿ ಕಾಣುತ್ತಿದ್ದಲ್ಲಿ, ಪೆಟ್ಟಿಗೆಯನ್ನು ಶುಚಿಗೊಳಿಸಿ ಹಾಗೆಯೇ ಬಿಡುವುದು ಉತ್ತಮ ಎಂಬುದು ಈ ಮಾಹಿತಿಯ ನಿಲುವು. ಒಮ್ಮೆ ಉಜ್ಜಿ ತೆಗೆದದ್ದನ್ನು ಮರಳಿ ಪಡೆಯಲಾಗುವುದಿಲ್ಲ.

ಕುಂಚ ಮತ್ತು ರೋಲರ್

ಮನೆಯಲ್ಲಿ ಕೆಲಸ ಮಾಡುವವರಿಗೆ ಹಾಗೂ ವರ್ಷಕ್ಕೆ ನಾಲ್ಕಾರು ಪೆಟ್ಟಿಗೆಗಳನ್ನು ಮಾತ್ರ ದುರಸ್ತಿ ಮಾಡುವವರಿಗೆ ನಾಲ್ಕು ಅಂಗುಲದ ಫೋಮ್ ರೋಲರ್ ಮತ್ತು ಒಂದು ಒಳ್ಳೆಯ ಕುಂಚ ಸಾಕಾಗುತ್ತದೆ. ಕೇವಲ ಕುಂಚದಿಂದ ದೊಡ್ಡ ಹಲಗೆಗೆ ಬಣ್ಣ ಹಚ್ಚಿದಾಗ ಗೆರೆಗಳು ಉಳಿಯುತ್ತವೆ. ಕೇವಲ ರೋಲರ್ ಬಳಸಿದಾಗ ಸಣ್ಣ ಗುಳ್ಳೆಗಳು ಏಳುತ್ತವೆ. ಎರಡನ್ನೂ ಕೂಡಿಸಿದಲ್ಲಿ ಒಂದರ ದೋಷವನ್ನು ಇನ್ನೊಂದು ನಿವಾರಿಸುತ್ತದೆ. ಎರಡು ಅಡಿ ಅಗಲದ ಭಾಗಕ್ಕೆ ರೋಲರ್‌ನಿಂದ ತೆಳುವಾಗಿ ಬಣ್ಣವನ್ನು ಹರಡಿ, ತಕ್ಷಣವೇ ಬಹುತೇಕ ಒಣಗಿದ ಕುಂಚದ ತುದಿಯನ್ನು ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ, ಭಾರ ಹಾಕದೆ ಎಳೆಯಬೇಕು. ನಂತರ ಆ ಭಾಗವನ್ನು ಮುಟ್ಟಬಾರದು. ಅರ್ಧ ಒಣಗಿದ ಬಣ್ಣವನ್ನು ಸರಿಪಡಿಸಲು ಹೋಗುವುದರಿಂದಲೇ ಹೆಚ್ಚಿನ ಕಲೆಗಳು ಉಂಟಾಗುತ್ತವೆ.

ಹಲಗೆಗಳನ್ನು ನೆಲಕ್ಕೆ ಸಮತಲವಾಗಿ ಮಲಗಿಸಿಕೊಂಡಲ್ಲಿ ಬಣ್ಣ ಇಳಿಯುವುದಿಲ್ಲ ಹಾಗೂ ತನ್ನ ಭಾರದಿಂದಲೇ ಸಮವಾಗುತ್ತದೆ. ಬೇಸಿಗೆಯಲ್ಲಿ ನೀರು ಆಧಾರಿತ ಎನಾಮೆಲ್ ಬಹುಬೇಗ ಒಣಗುವುದರಿಂದ ಬೆಳಗಿನ ಹೊತ್ತು ಸೂಕ್ತ. ಪ್ರತಿ ಲೇಪದ ನಡುವೆ 320ನೇ ಸಂಖ್ಯೆಯ ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ ತೆಗೆಯಬೇಕು. ಗ್ರಾಮೀಣ ಭಾಗಗಳಲ್ಲಿ ಇದನ್ನು ಉಪ್ಪು ಕಾಗದವೆಂದು ಕರೆಯುವುದುಂಟು. ಅಂಗಡಿಯಲ್ಲಿ ಸಂಖ್ಯೆಯನ್ನು ಹೇಳಿಯೇ ಕೇಳಬೇಕು.

ರೋಲರ್‌ನಿಂದ ಕನ್ನಡಿಯಂತಹ ನುಣುಪು ಬರುವುದಿಲ್ಲವೆಂಬುದು ನಿಜ. ಆದರೆ ಹಳೆಯ ಪೆಟ್ಟಿಗೆಗಳ ಕಪ್ಪು ಭಾಗಗಳಲ್ಲಿ ಕಾರ್ಖಾನೆಯೇ ಕಿತ್ತಳೆ ಸಿಪ್ಪೆಯಂತಹ ಸಣ್ಣ ಉಬ್ಬುತಗ್ಗುಗಳ ಮೇಲ್ಮೈಯನ್ನು ಬಿಟ್ಟಿರುವುದನ್ನು ಹಲವೆಡೆ ಕಾಣಬಹುದು. ಕಾರಿನಂತೆ ಹೊಳೆಯುವ ಪೆಟ್ಟಿಗೆಯು ಹೊಸದಾಗಿ ಕಂಡರೂ ಮೂಲದಂತೆ ಕಾಣುವುದಿಲ್ಲ. ರೋಲರ್‌ನ ಮೇಲ್ಮೈಯು ಅದಕ್ಕಿಂತ ಮೂಲಕ್ಕೆ ಹತ್ತಿರ.

ಅರಗಿನ ಬಣ್ಣಕ್ಕೆ ಹೆಸರಾದ ಚನ್ನಪಟ್ಟಣದ ವಿಧಾನವನ್ನು ಇಲ್ಲಿ ಬಳಸಬಹುದೇ ಎಂಬ ಪ್ರಶ್ನೆ ಸಹಜ. ಅಲ್ಲಿ ಚರಕಿಯ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖದಿಂದ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಿರುಗಿಸಲು ಬರುವ ದುಂಡನೆಯ ವಸ್ತುಗಳಿಗೆ ಮಾತ್ರ ಇದು ಸಾಧ್ಯ. ಕಳೆದುಹೋದ ಆಟದ ಹಿಡಿಕೆಯ ಗುಂಡನ್ನು ಮರದಲ್ಲಿ ಕಡೆಸಿಕೊಳ್ಳುವುದಾದಲ್ಲಿ ಈ ವಿಧಾನವು ಬಹಳ ಸೊಗಸು. ಚಪ್ಪಟೆ ಹಲಗೆಗೆ ಒಗ್ಗುವುದಿಲ್ಲ.

ಏರೋಸಾಲ್ ಡಬ್ಬಿ

ಅದುಮಿದರೆ ಬಣ್ಣ ಚಿಮ್ಮುವ ಡಬ್ಬಿಗಳು ನಾಣ್ಯದ ಬಾಗಿಲು, ಸ್ಪೀಕರ್ ಜಾಲರಿ ಮುಂತಾದ ಸಣ್ಣ ಲೋಹದ ಭಾಗಗಳಿಗೆ ಯೋಗ್ಯ. ಇಡೀ ಪೆಟ್ಟಿಗೆಗೆ ಇವು ದುಬಾರಿ. ಸುಮಾರು ಆರು ಅಡಿ ಎತ್ತರದ ಪೆಟ್ಟಿಗೆಯ ಹೊರಮೈಯನ್ನು ಅಂದಾಜು 5 ಚದರ ಮೀಟರ್ ಎಂದು ಪರಿಗಣಿಸಿದಲ್ಲಿ, 400 ಮಿಲಿಲೀಟರ್‌ನ ಡಬ್ಬಿಯೊಂದು ಒಂದು ಲೇಪಕ್ಕೆ ಒಂದೂವರೆಯಿಂದ ಎರಡು ಚದರ ಮೀಟರ್‌ಗೆ ಸಾಕಾಗುವುದರಿಂದ, ಮೂರು ಲೇಪಗಳಿಗೆ ಎಂಟರಿಂದ ಹತ್ತು ಡಬ್ಬಿಗಳು ಬೇಕಾಗುತ್ತವೆ. ಅಷ್ಟು ಖರ್ಚು ಮಾಡಿದ ಮೇಲೂ ದೊಡ್ಡ ಹಲಗೆಯ ಮೇಲೆ ಪಟ್ಟೆಪಟ್ಟೆಯಾಗಿ ಕಾಣುವ ಸಂಭವವಿದೆ.

ಸ್ಪ್ರೇ ಗನ್

ತಿಂಗಳಿಗೆ ಹಲವು ಪೆಟ್ಟಿಗೆಗಳ ಕೆಲಸವಿರುವ ಹಾಗೂ ವಾಸದ ಮನೆಯಿಂದ ಪ್ರತ್ಯೇಕವಾದ, ಗಾಳಿಯನ್ನು ಹೊರದಬ್ಬುವ ವ್ಯವಸ್ಥೆಯುಳ್ಳ ಕಾರ್ಯಾಗಾರವನ್ನು ಹೊಂದಿರುವವರಿಗೆ ಸ್ಪ್ರೇ ಗನ್ ಉಚಿತವಾದ ಆಯ್ಕೆ. ವೇಗ, ಸಮನಾದ ಲೇಪನ ಹಾಗೂ ಮೂಲೆಗಳನ್ನು ತಲುಪುವ ಅನುಕೂಲದಲ್ಲಿ ಇದಕ್ಕೆ ಸಾಟಿ ಇಲ್ಲ. ಗನ್ ಅನ್ನು ಹಲಗೆಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿ, ಮಣಿಕಟ್ಟನ್ನು ತಿರುಗಿಸದೆ ಇಡೀ ತೋಳನ್ನು ಸರಿಸುತ್ತಾ ಚಲಿಸಬೇಕು. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧ ಭಾಗವನ್ನು ಮುಚ್ಚಬೇಕು.

ಗನ್‌ಗಳಲ್ಲಿಯೂ ಭೇದಗಳಿವೆ. ಹೆಚ್ಚಿನ ಒತ್ತಡದ ಸಾಂಪ್ರದಾಯಿಕ ಗನ್‌ನಿಂದ ಹೊರಟ ಬಣ್ಣದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಹಲಗೆಯನ್ನು ಸೇರುತ್ತದೆ. ಉಳಿದದ್ದು ಮಂಜಾಗಿ ಗಾಳಿಗೆ ಹೋಗುತ್ತದೆ. ಹೆಚ್ಚು ಗಾಳಿ ಹಾಗೂ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವ, ಅಂಗಡಿಗಳಲ್ಲಿ ಎಚ್.ವಿ.ಎಲ್.ಪಿ. ಎಂದು ಕರೆಯಲಾಗುವ ಗನ್‌ನಿಂದ ಶೇ. 65ರಷ್ಟು ಹಲಗೆಯನ್ನು ಸೇರಬಲ್ಲದು. ಒಂದು ಪೆಟ್ಟಿಗೆಯ ಮೇಲೆ ಮೂರು ಲೇಪಗಳಲ್ಲಿ ಒಂದೂವರೆ ಲೀಟರ್ ಬಣ್ಣ ಉಳಿಯಬೇಕೆಂದು ಇಟ್ಟುಕೊಂಡಲ್ಲಿ, ಎಚ್.ವಿ.ಎಲ್.ಪಿ. ಗನ್‌ಗೆ ಸುಮಾರು 2.3 ಲೀಟರ್, ಸಾಂಪ್ರದಾಯಿಕ ಗನ್‌ಗೆ ನಾಲ್ಕೂವರೆ ಲೀಟರ್ ಬೇಕಾಗುತ್ತದೆ. ರೋಲರ್‌ನಲ್ಲಿ ವ್ಯರ್ಥವಾಗುವುದು ಅತ್ಯಲ್ಪ. ಅಗ್ಗದ ಗನ್ ಖರೀದಿಸಿ ಪ್ರತಿ ಪೆಟ್ಟಿಗೆಗೂ ಮೂರು ಲೀಟರ್ ಬಣ್ಣವನ್ನು ಗಾಳಿಗೆ ತೂರುವುದು ಉಳಿತಾಯವಲ್ಲ. ಎಚ್.ವಿ.ಎಲ್.ಪಿ. ಗನ್‌ಗೆ ನಿರಂತರವಾಗಿ ಹೆಚ್ಚು ಗಾಳಿ ಬೇಕಾಗುವುದರಿಂದ ಸಣ್ಣ ಕಂಪ್ರೆಸರ್ ಸಾಕಾಗುವುದಿಲ್ಲ ಎಂಬುದನ್ನೂ ಅಂದಾಜು ಪಟ್ಟಿ ತಯಾರಿಸುವಾಗ ಗಮನದಲ್ಲಿಡಬೇಕು.

ಗಾಳಿಗೆ ಹೋದ ಆ ಬಣ್ಣವೇ ಅಪಾಯದ ಮೂಲ. ಸ್ಪ್ರೇ ಕೆಲಸಕ್ಕೆ ನಮ್ಮಲ್ಲಿ ಹೆಚ್ಚಾಗಿ ಬಳಸುವುದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಇದನ್ನು ಬಡಗಿಗಳು 'ಡ್ಯೂಕೊ' ಎನ್ನುತ್ತಾರೆ. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯು ಮೋಟಾರು ವಾಹನಗಳಿಗೆಂದು ಹೊರತಂದ ಲ್ಯಾಕರ್‌ನ ಹೆಸರು ಹೀಗೆ ಸಾಮಾನ್ಯ ನಾಮವಾಗಿ ಉಳಿದುಕೊಂಡಿದೆ. ಇದರ ತೆಳುಕಾರಕದ ಆವಿಯು ಸಾಮಾನ್ಯ ಕೋಣೆಯ ಉಷ್ಣಾಂಶದಲ್ಲಿಯೇ ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಭಾರವಾದ ಈ ಆವಿಯು ನೆಲದ ಮೇಲೆ ಹರಿದು ಪಕ್ಕದ ಕೋಣೆಯನ್ನು ಸೇರುತ್ತದೆ. ಅಲ್ಲಿ ಉರಿಯುವ ಗ್ಯಾಸ್ ಒಲೆ, ದೇವರ ದೀಪ ಅಥವಾ ಫ್ರಿಜ್‌ನ ಸ್ವಿಚ್ಚಿನ ಕಿಡಿ ಇದ್ದಲ್ಲಿ ಅನಾಹುತ ಸಂಭವಿಸಬಹುದು. ಗೋಡೆಯ ಮೇಲೆ ಒಣಗಿ ಕುಳಿತ ಲ್ಯಾಕರ್ ಪುಡಿಯೂ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ವಾಸದ ಮನೆಯೊಳಗೆ, ಬಹುಮಹಡಿ ಕಟ್ಟಡದ ಬಾಲ್ಕನಿಯಲ್ಲಿ ಅಥವಾ ಮೆಟ್ಟಿಲಿನ ಕೆಳಗೆ ಇದನ್ನು ಸ್ಪ್ರೇ ಮಾಡಬಾರದು.

ಎರಡು ಡಬ್ಬಿಗಳಲ್ಲಿ ಬರುವ ಪಾಲಿಯುರಿಥೇನ್ ಬಣ್ಣಗಳು, ಅಂದರೆ ಮಾರುಕಟ್ಟೆಯಲ್ಲಿ ಪಿ.ಯು. ಎಂದು ಕರೆಯುವ ಬಣ್ಣಗಳು, ಇನ್ನೂ ಹೆಚ್ಚಿನ ಎಚ್ಚರಿಕೆಯನ್ನು ಬಯಸುತ್ತವೆ. ಅವುಗಳ ಗಟ್ಟಿಕಾರಕದ ಡಬ್ಬಿಯಲ್ಲಿರುವುದು ಐಸೊಸೈನೇಟ್. 1984ರ ಭೋಪಾಲ್ ದುರಂತದಲ್ಲಿ ಸೋರಿದ ಮೀಥೈಲ್ ಐಸೊಸೈನೇಟ್ ಇದೇ ರಾಸಾಯನಿಕ ವರ್ಗಕ್ಕೆ ಸೇರಿದ್ದು. ಬಣ್ಣದ ಗಟ್ಟಿಕಾರಕವು ಅದೇ ವಸ್ತುವಲ್ಲ ಹಾಗೂ ಅದರಂತೆ ಸುಲಭವಾಗಿ ಅನಿಲವಾಗುವುದೂ ಇಲ್ಲ. ಆದುದರಿಂದ ಅನಗತ್ಯ ಭೀತಿ ಬೇಡ. ಆದರೆ ಸ್ಪ್ರೇ ಮಾಡಿದಾಗ ಅದು ಸೂಕ್ಷ್ಮ ಹನಿಗಳಾಗಿ ಶ್ವಾಸಕೋಶವನ್ನು ಸೇರುತ್ತದೆ ಹಾಗೂ ಕೆಲವರಲ್ಲಿ ಶಾಶ್ವತವಾದ ಅಸ್ತಮಾವನ್ನು ಉಂಟುಮಾಡುತ್ತದೆ. ಒಮ್ಮೆ ದೇಹವು ಹೀಗೆ ಸಂವೇದನೆಗೊಂಡಲ್ಲಿ ನಂತರ ಅತ್ಯಲ್ಪ ಪ್ರಮಾಣವೂ ಉಸಿರುಕಟ್ಟಿಸುತ್ತದೆ. ಅಂತಹವರು ಬಣ್ಣದ ಉದ್ಯೋಗವನ್ನೇ ತೊರೆಯಬೇಕಾಗುತ್ತದೆ. ವಾಸನೆಯಿಂದ ಇದನ್ನು ಪತ್ತೆಹಚ್ಚಲಾಗದು. ವಾಸನೆ ತಿಳಿಯುವ ಮೊದಲೇ ಗಾಳಿಯಲ್ಲಿ ಅದರ ಪ್ರಮಾಣ ಮಿತಿಯನ್ನು ಮೀರಿರುತ್ತದೆ.

ಮುಖಕ್ಕೆ ಕಟ್ಟಿಕೊಳ್ಳುವ ಟವೆಲ್‌ನಿಂದಾಗಲಿ ಶಸ್ತ್ರಚಿಕಿತ್ಸೆಯ ಮಾಸ್ಕ್‌ನಿಂದಾಗಲಿ ಇಲ್ಲಿ ಯಾವ ಪ್ರಯೋಜನವೂ ಇಲ್ಲ. ಎನ್-95 ಮಾಸ್ಕ್ ಧೂಳನ್ನು ತಡೆಯುತ್ತದೆ, ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಸಾಮಾನ್ಯ ಲ್ಯಾಕರ್‌ಗೆ ಇದ್ದಿಲಿನ ಸೋಸುಡಬ್ಬಿಯುಳ್ಳ ಮುಖವಾಡ ಬೇಕು. ಪಿ.ಯು. ಬಣ್ಣವನ್ನು ಸ್ಪ್ರೇ ಮಾಡುವವರಿಗೆ ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಪೂರೈಸುವ ಮುಖವಾಡವೇ ಸೂಕ್ತವಾದುದು. ಅದನ್ನು ಒದಗಿಸಿಕೊಳ್ಳಲು ಸಾಧ್ಯವಿಲ್ಲದವರು ಪಿ.ಯು. ಬಣ್ಣವನ್ನು ಸ್ಪ್ರೇ ಮಾಡದಿರುವುದೇ ಸರಿ. ಸಹಾಯಕರನ್ನು ಇಟ್ಟುಕೊಂಡಿರುವ ಕಾರ್ಯಾಗಾರದವರು ತಮಗೆ ಬೇಕಾದ ರಕ್ಷಣೆಯನ್ನು ಅವರಿಗೂ ಒದಗಿಸತಕ್ಕದ್ದು. ಗನ್ ಹಿಡಿಯದವರೂ ಅದೇ ಗಾಳಿಯನ್ನು ಉಸಿರಾಡುತ್ತಾರೆ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಲ್ಲಿ ಲ್ಯಾಕರ್ ಸ್ಪ್ರೇ ಮಾಡಿದಾಗ ಮೇಲ್ಮೈಯಲ್ಲಿ ಹಾಲಿನಂತಹ ಬಿಳಿ ಮಬ್ಬು ಕಾಣಿಸಿಕೊಳ್ಳುವುದುಂಟು. ದ್ರಾವಕವು ವೇಗವಾಗಿ ಆವಿಯಾಗುವಾಗ ಹಲಗೆ ತಣ್ಣಗಾಗುತ್ತದೆ. ಗಾಳಿಯ ತೇವಾಂಶವು ಅದರ ಮೇಲೆ ಇಬ್ಬನಿಯಂತೆ ಇಳಿದು ಬಣ್ಣದಲ್ಲಿ ಸಿಲುಕುತ್ತದೆ. ಇದನ್ನು ಬಣ್ಣದ ಕಳಪೆ ಗುಣಮಟ್ಟವೆಂದು ತಿಳಿದು ಅಂಗಡಿಯವರೊಡನೆ ವಾದಿಸುವುದರಿಂದ ಪ್ರಯೋಜನವಿಲ್ಲ. ನಿಧಾನವಾಗಿ ಆವಿಯಾಗುವ ತೆಳುಕಾರಕವನ್ನು ಸ್ವಲ್ಪ ಬೆರೆಸುವುದರಿಂದ ದೋಷ ಕಡಿಮೆಯಾಗುತ್ತದೆ. ಗಾಳಿಯ ಆರ್ದ್ರತೆಯು ಶೇ. 85ನ್ನು ಮೀರಿದ ದಿನಗಳಲ್ಲಿ ಯಾವುದೇ ವಿಧಾನದಿಂದಲೂ ಬಣ್ಣ ಹಚ್ಚದಿರುವುದು ಲೇಸು.

ಸ್ಟೆನ್ಸಿಲ್ ಚಿತ್ರಗಳು

1978ರ 'ಸ್ಪೇಸ್ ಇನ್ವೇಡರ್ಸ್' ಮತ್ತು ಅನಂತರದ 'ಪ್ಯಾಕ್‌ಮ್ಯಾನ್' ಯಂತ್ರಗಳ ಅಮೆರಿಕದ ಪೆಟ್ಟಿಗೆಗಳ ಪಕ್ಕದ ಚಿತ್ರಗಳನ್ನು ಸ್ಟೆನ್ಸಿಲ್ ಇಟ್ಟು ಬಣ್ಣದಿಂದಲೇ ಮೂಡಿಸಲಾಗಿತ್ತು. ಬೇರೆ ಕೆಲವು ಯಂತ್ರಗಳಿಗೆ ಮುದ್ರಿತ ಹಾಳೆಯನ್ನು ಅಂಟಿಸಲಾಗುತ್ತಿತ್ತು. ಚಿತ್ರವನ್ನು ಮರಳಿ ಬರೆಯಬೇಕಾದಲ್ಲಿ ಹಳೆಯ ಚಿತ್ರವನ್ನು ಮುಚ್ಚುವ ಮೊದಲೇ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಛಾಯಾಚಿತ್ರ ತೆಗೆಯಬೇಕು ಹಾಗೂ ಪಾರದರ್ಶಕ ಕಾಗದದ ಮೇಲೆ ಪೂರ್ಣ ಗಾತ್ರದ ನಕಲನ್ನು ಬರೆದುಕೊಳ್ಳಬೇಕು. ಪೆಟ್ಟಿಗೆಯ ಎರಡೂ ಪಕ್ಕಗಳ ಚಿತ್ರಗಳನ್ನು ಬೇರೆಬೇರೆಯಾಗಿಯೇ ನಕಲು ಮಾಡುವುದು ಒಳ್ಳೆಯದು. ಕೈಯಿಂದ ಸ್ಟೆನ್ಸಿಲ್ ಇಟ್ಟ ಕೆಲಸದಲ್ಲಿ ಅವು ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದೆ ಹೊಂದುವುದು ಅಪರೂಪ.

ಈ ಚಿತ್ರಗಳಿಗೆ ಕುಂಚದಿಂದ ತೋಯ್ದಂತೆ ಬಣ್ಣ ಹಚ್ಚಿದಲ್ಲಿ ಅದು ಸ್ಟೆನ್ಸಿಲ್‌ನ ಅಡಿಗೆ ಹರಿದು ಅಂಚು ಕೆಡುತ್ತದೆ. ಸ್ಟೆನ್ಸಿಲ್ ಅಂಟಿಸಿದ ಮೇಲೆ ಮೊದಲು ಹಲಗೆಯ ತಳಬಣ್ಣವನ್ನೇ ಅಂಚುಗಳ ಮೇಲೆ ತೆಳುವಾಗಿ ಹಚ್ಚಿ ಒಣಗಲು ಬಿಡಬೇಕು. ಅಂಚಿನಡಿ ಸೋರುವುದಾದರೆ ತಳಬಣ್ಣವೇ ಸೋರಿ ಸಂದನ್ನು ಮುಚ್ಚುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನಂತರ ಚಿತ್ರದ ಬಣ್ಣವನ್ನು ಬಹುತೇಕ ಒಣಗಿದ ಫೋಮ್‌ನಿಂದ ತಟ್ಟುತ್ತಾ ಎರಡು ಮೂರು ತೆಳು ಲೇಪಗಳಲ್ಲಿ ತುಂಬಬೇಕು. ತಿಳಿ ಬಣ್ಣಗಳು ಮೊದಲು, ಕಪ್ಪು ಕೊನೆಗೆ. ಬಣ್ಣವು ಮುಟ್ಟಲು ಒಣಗಿದ್ದು, ಪೂರ್ತಿ ಗಟ್ಟಿಯಾಗುವ ಮೊದಲೇ ಸ್ಟೆನ್ಸಿಲ್ ಅನ್ನು ಓರೆಯಾಗಿ ಮಡಚಿ ಮೆಲ್ಲಗೆ ಎಳೆದು ತೆಗೆಯಬೇಕು. ಮರುದಿನದವರೆಗೆ ಬಿಟ್ಟಲ್ಲಿ ಅಂಚಿನ ಬಣ್ಣವೂ ಅದರೊಡನೆ ಕಿತ್ತುಬರುವ ಸಂಭವವಿದೆ. ಹೊಸ ಬಣ್ಣದ ಮೇಲೆ ಟೇಪ್ ಅಥವಾ ಮುದ್ರಿತ ಹಾಳೆ ಅಂಟಿಸುವ ಮುನ್ನ ಎನಾಮೆಲ್‌ಗೆ ಕನಿಷ್ಠ ಒಂದು ವಾರದ ಅವಧಿ ನೀಡುವುದು ಸೂಕ್ತ.

ಉಳಿದ ತೆಳುಕಾರಕವನ್ನು ಚರಂಡಿಗೆ ಸುರಿಯಬಾರದು. ಅಗಸೆ ಎಣ್ಣೆ ಇರುವ ವಾರ್ನಿಶ್ ಅಥವಾ ಎಣ್ಣೆಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದಲ್ಲಿ ಅವು ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅವುಗಳನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ, ಆನಂತರವೇ ವಿಲೇವಾರಿ ಮಾಡಬೇಕು.

ಅರ್ಜಿದಾರರ ಗಮನಕ್ಕೆ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಬೊಂಬೆ ಮತ್ತು ಆಟಿಕೆ ತಯಾರಿಕೆಯೂ ಸೇರಿವೆ. ಬಣ್ಣಗಾರಿಕೆ ಸೇರಿಲ್ಲ. ಆದುದರಿಂದ ಪೆಟ್ಟಿಗೆ ದುರಸ್ತಿಯಲ್ಲಿ ಮರಗೆಲಸವನ್ನೂ ಸ್ವತಃ ಮಾಡುವ ಸಾಂಪ್ರದಾಯಿಕ ಬಡಗಿಗಳು ಮಾತ್ರ ಆ ಕಸುಬಿನ ಹೆಸರಿನಲ್ಲಿ ಅರ್ಜಿ ಸಲ್ಲಿಸಲು ಅವಕಾಶವಿದೆ. ಬಣ್ಣ ಲೇಪನವನ್ನಷ್ಟೇ ಮಾಡುವವರು ಈ ಯೋಜನೆಯಡಿ ಅರ್ಜಿ ಸಲ್ಲಿಸಿ ಕಾಯುವುದರಿಂದ ಸಮಯ ವ್ಯರ್ಥವಾಗುತ್ತದೆ. ಯೋಜನೆಯಲ್ಲಿ ಉಪಕರಣಗಳಿಗಾಗಿ ರೂ. 15,000ದವರೆಗೆ ಪ್ರೋತ್ಸಾಹಧನಕ್ಕೆ ಅವಕಾಶವಿದ್ದು, ಮೊದಲ ಕಂತಿನಲ್ಲಿ ರೂ. 1 ಲಕ್ಷದವರೆಗೆ ಹಾಗೂ ಎರಡನೇ ಕಂತಿನಲ್ಲಿ ರೂ. 2 ಲಕ್ಷದವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ ಪಡೆಯಬಹುದಾಗಿದೆ. 18 ವರ್ಷ ತುಂಬಿರತಕ್ಕದ್ದು. ಒಂದು ಕುಟುಂಬದಿಂದ ಒಬ್ಬರು ಮಾತ್ರ ಅರ್ಹರು. ನೋಂದಣಿಯನ್ನು ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ಆಧಾರ್ ದೃಢೀಕರಣದೊಂದಿಗೆ ಮಾಡಿಸಬೇಕು.

ಬಣ್ಣಗಾರಿಕೆಯನ್ನು ಕ್ರಮವಾಗಿ ಕಲಿಯಬಯಸುವವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳ ವೃತ್ತಿಗಳ ಪಟ್ಟಿಯಲ್ಲಿ ಸಾಮಾನ್ಯ ಪೇಂಟರ್ ವೃತ್ತಿ ಇದೆ. ಎಲ್ಲ ಸಂಸ್ಥೆಗಳಲ್ಲಿಯೂ ಈ ವೃತ್ತಿ ಇರುವುದಿಲ್ಲವಾದುದರಿಂದ ಪ್ರವೇಶದ ಅರ್ಜಿಯಲ್ಲಿ ಆದ್ಯತೆಗಳನ್ನು ನಮೂದಿಸುವ ಮುನ್ನ ಆಯಾ ಸಂಸ್ಥೆಯಲ್ಲಿ ವಿಚಾರಿಸಿಕೊಳ್ಳಬೇಕು.

ಯೋಜನಾ ವರದಿಯಲ್ಲಿ ಸ್ಪ್ರೇ ಗನ್ ಮತ್ತು ಕಂಪ್ರೆಸರ್‌ಗಳನ್ನು ನಮೂದಿಸುವವರು ಅವುಗಳೊಡನೆ ಗಾಳಿ ಹೊರದಬ್ಬುವ ಫ್ಯಾನ್, ಮುಖವಾಡ, ಅಗ್ನಿಶಾಮಕ ಮತ್ತು ಪ್ರತ್ಯೇಕ ಕೋಣೆಯ ಬಾಡಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಇವುಗಳನ್ನು ಬಿಟ್ಟು ತಯಾರಿಸಿದ ಅಂದಾಜು ಪಟ್ಟಿಯು ಕಾಗದದ ಮೇಲೆ ಮಾತ್ರ ಅಗ್ಗವಾಗಿರುತ್ತದೆ. ಸಣ್ಣ ಕಾರ್ಯಾಗಾರಗಳಿಗೆ 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಗೆ ಸರ್ಕಾರವು ಯಾವುದೇ ಶುಲ್ಕವನ್ನು ವಿಧಿಸುವುದಿಲ್ಲ. ಇದಕ್ಕಾಗಿ ಹಣ ಕೇಳುವ ಖಾಸಗಿ ಜಾಲತಾಣಗಳಲ್ಲಿ ಆಧಾರ್ ಸಂಖ್ಯೆಯನ್ನು ನಮೂದಿಸಬಾರದೆಂದು ಅರ್ಜಿದಾರರಿಗೆ ತಿಳಿಯಪಡಿಸಲಾಗಿದೆ.